ಕನ್ನಡಿಯೊಳಗಿನ ಅಂಚೆ ಗಂಟು

ಹಾಸನದಲ್ಲಿರುವ ನನ್ನ ಸೋದರಮಾವ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾಯಿತು. ಕಾಗದಪತ್ರ ಕಾಪಾಡುವುದರಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ಕಂಡಿಲ್ಲ. ಅವರ ನಡುಮನೆಯ ಗೋಡೆಯಲ್ಲಿ ಕೊಕ್ಕೆಯಂತೆ ಬಾಗಿದ ತಂತಿಯೊಂದು ಈಗಲೂ ತೂಗುತ್ತಿದೆ. ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಮದುವೆಯ ಕರೆಯೋಲೆ ಬಂದ ಹಾಗೆ ಅದಕ್ಕೆ ಚುಚ್ಚಿಡುತ್ತಾರೆ. ವರ್ಷ ತುಂಬಿದಾಗ ಇಳಿಸಿ, ವಿಂಗಡಿಸಿ, ದಾರ ಕಟ್ಟಿ ಅಟ್ಟಕ್ಕೆ ಸೇರಿಸುತ್ತಾರೆ. ಅಂಥವರು ಕಳೆದ ವರ್ಷ ಒಂದು ಬೆಳಿಗ್ಗೆ ಫೋನ್ ಮಾಡಿದಾಗ ದನಿ ನಡುಗುತ್ತಿತ್ತು.

“ಮೊಬೈಲ್‌ನಲ್ಲಿ ಹಳೇ ಮೇಲ್ ಒಂದೂ ಇಲ್ಲ ಕಣೋ. ಮಗಳು ಬರೆದದ್ದು, ಪೆನ್ಶನ್ ಕಾಗದ, ಆಸ್ಪತ್ರೆ ರಿಪೋರ್ಟು, ಎಲ್ಲಾ ಹೋಗಿದೆ. ನಾನು ಅಳಿಸಿದ್ದು ಕಂಪ್ಯೂಟರ್‌ನಲ್ಲಿ. ಮೊಬೈಲ್ ಮುಟ್ಟೇ ಇಲ್ಲ.”

“ಟ್ರ್ಯಾಶ್‌ನಲ್ಲಿ ಇರುತ್ತೆ ಮಾವ, ನೋಡಿ.”

“ಅದನ್ನೂ ಖಾಲಿ ಮಾಡಿಬಿಟ್ಟೆ. ಕಸ ಯಾಕೆ ಇಟ್ಟುಕೊಳ್ಳೋದು ಅಂತ.”

ಆಗಿದ್ದು ಇಷ್ಟು. ಮಾವನ ಕಂಪ್ಯೂಟರ್ ನಿಧಾನವಾಗಿತ್ತು. ಡಿಸ್ಕ್ ತುಂಬಿದೆ ಎಂಬ ಸೂಚನೆ ಬರುತ್ತಿತ್ತು. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಅವರು ವರ್ಷವಾರು ಮಾಡಿಟ್ಟ ಫೋಲ್ಡರ್‌ಗಳು ಸಾಲಾಗಿ ಕಾಣುತ್ತಿದ್ದವು. ‘ಮೂಲ ಪತ್ರ ಇಂಟರ್‌ನೆಟ್‌ನಲ್ಲಿ ಇದ್ದೇ ಇದೆ, ಇಲ್ಲಿರುವುದು ನಕಲು’ ಎಂದುಕೊಂಡು ಹನ್ನೊಂದು ವರ್ಷದ ಫೋಲ್ಡರ್‌ಗಳನ್ನು ಅಳಿಸಿದರು. ಅವರು ತಿಳಿದುಕೊಂಡದ್ದರಲ್ಲಿ ಅರ್ಧ ಸರಿ. ಮೂಲ ಪತ್ರ ಇಂಟರ್‌ನೆಟ್‌ನಲ್ಲೇ ಇತ್ತು. ಆದರೆ ಅವರ ಮುಂದೆ ಇದ್ದದ್ದು ನಕಲಲ್ಲ, ಆ ಮೂಲದ ಪ್ರತಿಬಿಂಬ. ಪ್ರತಿಬಿಂಬದ ಮೇಲೆ ಕೈಯಿಟ್ಟರೆ ಮೂಲಕ್ಕೇ ತಗಲುವ ಕನ್ನಡಿ ಅದು.

ಈ ತಪ್ಪು ಮಾವನೊಬ್ಬರದ್ದಲ್ಲ. ಬ್ಯಾಂಕಿನಿಂದ ಹಿಡಿದು ಮಕ್ಕಳ ಶಾಲೆಯವರೆಗೆ ಎಲ್ಲ ದಾಖಲೆಯೂ ಮೇಲ್‌ನಲ್ಲೇ ಬರುವ ಈ ಕಾಲದಲ್ಲಿ ಯಾರಿಗೆ ಬೇಕಾದರೂ ಆಗಬಹುದು. ಆದ್ದರಿಂದ ವೆಬ್‌ಮೇಲ್‌ನ ಫೋಲ್ಡರ್‌ಗಳು ಕಂಪ್ಯೂಟರ್‌ನ ಮೇಲ್ ತಂತ್ರಾಂಶದಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಇಂದು ಸಾವಧಾನವಾಗಿ ನೋಡೋಣ.

ಎರಡು ಪದ್ಧತಿ, ಎರಡು ಕಾಲ

ಮೇಲ್ ಸರ್ವರ್‌ನಿಂದ ನಮ್ಮ ಕಂಪ್ಯೂಟರ್‌ಗೆ ಪತ್ರ ತರುವ ಪದ್ಧತಿ ಮುಖ್ಯವಾಗಿ ಎರಡು: ಪಾಪ್ ಮತ್ತು ಐಮ್ಯಾಪ್. ಪಾಪ್‌ನ ಮೊದಲ ರೂಪ ಬಂದದ್ದು 1984ರಲ್ಲಿ. ಈಗಲೂ ಬಳಕೆಯಲ್ಲಿರುವ ಅದರ ಮೂರನೆಯ ಆವೃತ್ತಿಯ ನಿಯಮಗಳು 1996ರವು. ಅದರ ಕೆಲಸ ಅಂಚೆಯಣ್ಣನದ್ದು. ಪತ್ರ ತಂದು ನಿಮ್ಮ ಕೈಗೆ ಕೊಟ್ಟರೆ ಮುಗಿಯಿತು, ಅಂಚೆ ಕಚೇರಿಯಲ್ಲಿ ಅದು ಉಳಿಯಬೇಕಿಲ್ಲ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಟೆಲಿಫೋನ್ ತಂತಿಯಲ್ಲಿ ಸಂಪರ್ಕ, ಒಂದೊಂದು ನಿಮಿಷಕ್ಕೂ ಖರ್ಚು. ಲೈನ್ ಸಿಕ್ಕ ಕೂಡಲೇ ಪತ್ರಗಳನ್ನೆಲ್ಲ ಇಳಿಸಿಕೊಂಡು, ಲೈನ್ ಕತ್ತರಿಸಿ, ನಿಧಾನವಾಗಿ ಓದುವುದು ರೂಢಿ. ಆ ಕಾಲಕ್ಕೆ ಪಾಪ್ ಹೇಳಿ ಮಾಡಿಸಿದಂತಿತ್ತು.

ಐಮ್ಯಾಪ್ ಬೇರೆ ಯೋಚನೆಯಿಂದ ಹುಟ್ಟಿದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಇದನ್ನು ರೂಪಿಸಿದರು. ಪತ್ರ ಸರ್ವರ್‌ನಲ್ಲೇ ಇರಲಿ, ಫೋಲ್ಡರ್‌ಗಳೂ ಅಲ್ಲೇ ಇರಲಿ, ಯಾವ ಯಂತ್ರದಿಂದ ಬೇಕಾದರೂ ಬಂದು ನೋಡಿಕೊಂಡು ಹೋಗಲಿ ಎಂಬುದು ಅದರ ಸೂತ್ರ. ಓದಿದ್ದು, ಉತ್ತರಿಸಿದ್ದು, ನಕ್ಷತ್ರ ಹಾಕಿದ್ದು, ಅಳಿಸಿದ್ದು ಎಂಬ ಗುರುತುಗಳೂ ಸರ್ವರ್‌ನಲ್ಲೇ ದಾಖಲಾಗುತ್ತವೆ. ಕಚೇರಿಯಲ್ಲಿ ಓದಿದ ಮೇಲ್ ಮನೆಗೆ ಬರುವಷ್ಟರಲ್ಲಿ ಮೊಬೈಲ್‌ನಲ್ಲೂ ‘ಓದಿದ್ದು’ ಎಂದು ಕಾಣುವುದು ಇದರಿಂದಲೇ.

ಈ ನಡುವೆ 1996ರ ಜುಲೈ 4ರಂದು ಹಾಟ್‌ಮೇಲ್ ಬಂತು. ಅದನ್ನು ಜ್ಯಾಕ್ ಸ್ಮಿತ್ ಜೊತೆಗೂಡಿ ಕಟ್ಟಿದ ಸಬೀರ್ ಭಾಟಿಯಾ ಶಾಲೆ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. ಬ್ರೌಸರ್ ಒಂದಿದ್ದರೆ ಸಾಕು, ಸ್ವಂತ ಕಂಪ್ಯೂಟರ್ ಬೇಡ ಎನ್ನುವ ವೆಬ್‌ಮೇಲ್ ನಮ್ಮೂರುಗಳ ಸೈಬರ್ ಕೆಫೆಗಳಲ್ಲಿ ಮನೆಮಾತಾಯಿತು. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ ಒಂದು ಜಿಬಿ ಜಾಗ ಕೊಟ್ಟಿತು. ಆಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು ಎರಡು ಎಂಬಿ. ಪತ್ರ ಅಳಿಸಬೇಕೆಂಬ ಯೋಚನೆಯೇ ಜನರ ಮನಸ್ಸಿನಿಂದ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊಜಿಲ್ಲಾದವರ ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ ಬಂತು. 2007ರ ಅಕ್ಟೋಬರ್‌ನಲ್ಲಿ ಜಿಮೇಲ್ ಐಮ್ಯಾಪ್‌ಗೆ ಬಾಗಿಲು ತೆರೆದ ಮೇಲೆ ಇವೆರಡೂ ಒಂದರೊಳಗೊಂದು ಸೇರಿಕೊಂಡವು.

ಈಗ ಹೊಸದಾಗಿ ಖಾತೆ ಸೇರಿಸಿದರೆ ಥಂಡರ್‌ಬರ್ಡ್ ಸಾಮಾನ್ಯವಾಗಿ ಐಮ್ಯಾಪನ್ನೇ ಆರಿಸುತ್ತದೆ. ಅಂದರೆ ಎಡಗಡೆ ನಿಮ್ಮ ಮೇಲ್ ವಿಳಾಸದ ಕೆಳಗೆ ಕಾಣುವ ಫೋಲ್ಡರ್‌ಗಳೆಲ್ಲ ಸರ್ವರ್‌ನವು. ಓದಲು ಅನುಕೂಲವಾಗಲೆಂದು ತಂತ್ರಾಂಶ ಅವುಗಳ ಪ್ರತಿಯೊಂದನ್ನು ನಿಮ್ಮ ಡಿಸ್ಕ್‌ನಲ್ಲೂ ಇಟ್ಟಿರುತ್ತದೆ, ನಿಜ. ಆದರೆ ಆ ಪ್ರತಿ ಸರ್ವರ್ ಹೇಳಿದಂತೆ ಕೇಳುತ್ತದೆ. ಅಲ್ಲಿ ಇಲ್ಲವಾದದ್ದು ಇಲ್ಲೂ ಇಲ್ಲವಾಗುತ್ತದೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಸಿಂಕ್ ಆಗುವುದು ಬೇರೆ, ಬ್ಯಾಕಪ್ ಇರುವುದು ಬೇರೆ. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ.

ರೂಟರ್ ಆರಿಸಿದ ಮಧ್ಯಾಹ್ನ

ಮಾವನ ಮಾತು ಕೇಳಿದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ಹಳೇ ಲ್ಯಾಪ್‌ಟಾಪ್ ಏನು ಮಾಡಿದ್ರಿ?” ಹೊಸ ಕಂಪ್ಯೂಟರ್ ಬರುವ ಮೊದಲು ಅವರು ಬಳಸುತ್ತಿದ್ದದ್ದು ಬೀರುವಿನಲ್ಲಿತ್ತು. ಅದರಲ್ಲೂ ಥಂಡರ್‌ಬರ್ಡ್ ಇತ್ತು. ಏಳು ತಿಂಗಳಿಂದ ಅದನ್ನು ಯಾರೂ ತೆರೆದಿರಲಿಲ್ಲ. “ದಯವಿಟ್ಟು ಆನ್ ಮಾಡಬೇಡಿ, ನಾನೇ ಬರ್ತೀನಿ” ಎಂದು ಹೇಳಿ ಹಾಸನದ ಬಸ್ಸು ಹತ್ತಿದೆ.

ಯಾಕೆ ಆನ್ ಮಾಡಬಾರದು? ಆ ಯಂತ್ರದ ಡಿಸ್ಕ್‌ನಲ್ಲಿ ಏಳು ತಿಂಗಳ ಹಿಂದಿನ ಪ್ರತಿಬಿಂಬ ಹಾಗೇ ನಿಂತಿತ್ತು. ಇಂಟರ್‌ನೆಟ್ ಸಿಕ್ಕ ತಕ್ಷಣ ಅದು ಸರ್ವರ್‌ನೊಂದಿಗೆ ತಾಳೆ ನೋಡುತ್ತದೆ. ಅಲ್ಲಿ ಫೋಲ್ಡರ್‌ಗಳಿಲ್ಲ ಎಂದು ತಿಳಿದು ಇಲ್ಲೂ ತೆಗೆದುಹಾಕುತ್ತದೆ. ಹಾಗಾಗಿ ಮೊದಲು ಮನೆಯ ರೂಟರ್ ಆರಿಸಿದೆ. ಆಮೇಲೆ ಲ್ಯಾಪ್‌ಟಾಪ್ ಹಚ್ಚಿ, ವೈಫೈ ಕೂಡ ಬಂದ್ ಮಾಡಿದೆ. ಥಂಡರ್‌ಬರ್ಡ್ ತೆರೆಯುವ ಮುನ್ನವೇ ಅದರ ಪ್ರೊಫೈಲ್ ಎಂಬ ಫೋಲ್ಡರನ್ನು ಇಡಿಯಾಗಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಂಡೆ. ಖಾತೆ, ಫೋಲ್ಡರ್, ಪತ್ರ, ವಿಳಾಸಪುಸ್ತಕ ಎಲ್ಲವೂ ಇರುವುದು ಅದರಲ್ಲೇ.

ನಂತರ ತಂತ್ರಾಂಶ ತೆರೆದಾಗ ಹನ್ನೊಂದು ಫೋಲ್ಡರ್‌ಗಳೂ ಸಾಲಾಗಿ ಕಂಡವು. ಮಾವ ನನ್ನ ಹಿಂದೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಬರೀ ಹೆಸರು ಕಂಡರೆ ಸಾಲದು. ಪತ್ರದ ಒಡಲು ಡಿಸ್ಕ್‌ನಲ್ಲಿದೆಯೋ, ತಲೆಬರಹ ಮಾತ್ರ ಇದೆಯೋ ಎಂದು ನೋಡಬೇಕು. ಕೆನಡಾದಲ್ಲಿರುವ ಮಗಳು ಮೊಮ್ಮಗಳ ನಾಮಕರಣದ ಫೋಟೊ ಕಳಿಸಿದ್ದ ಪತ್ರವೊಂದನ್ನು ಒತ್ತಿದೆ. ಪತ್ರ ತೆರೆಯಿತು, ಫೋಟೊ ಕೂಡ ತೆರೆಯಿತು.

ಎಡಗಡೆಯ ಪಟ್ಟಿಯ ಕೊನೆಯಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬ ಹೆಸರು ಇರುತ್ತದೆ. ಅದಕ್ಕೂ ಸರ್ವರ್‌ಗೂ ಯಾವ ನಂಟೂ ಇಲ್ಲ. ಅಲ್ಲಿ ವರ್ಷಕ್ಕೊಂದು ಹೊಸ ಫೋಲ್ಡರ್ ಮಾಡಿ, ಹಳೆಯ ಒಂದೊಂದು ಫೋಲ್ಡರ್‌ನ ಪತ್ರಗಳನ್ನೂ ಒಟ್ಟಿಗೆ ಆರಿಸಿ, ‘ಕಾಪಿ ಟು’ ಕೊಟ್ಟೆ. ‘ಮೂವ್’ ಅಲ್ಲ, ‘ಕಾಪಿ’. ಮೂವ್ ಕೊಟ್ಟರೆ ಮೂಲ ಜಾಗದಿಂದ ಅಳಿಸುವ ಆದೇಶವೂ ಅದರ ಜೊತೆಗೇ ಸೇರಿರುತ್ತದೆ. ಸಂಜೆಯ ಹೊತ್ತಿಗೆ ಹನ್ನೊಂದು ವರ್ಷದ ಪತ್ರಗಳೂ ಸ್ಥಳೀಯ ಫೋಲ್ಡರ್‌ಗಳಿಗೆ ಬಂದಿದ್ದವು. ಆಮೇಲೆ ರೂಟರ್ ಹಚ್ಚಿದೆವು. ಕೆಲವೇ ಕ್ಷಣದಲ್ಲಿ ಮೇಲ್ ವಿಳಾಸದ ಕೆಳಗಿದ್ದ ಹನ್ನೊಂದು ಫೋಲ್ಡರ್‌ಗಳು ಒಂದೊಂದಾಗಿ ಮಾಯವಾದವು. ಲೋಕಲ್ ಫೋಲ್ಡರ್ಸ್ ಕೆಳಗಿನವು ಹಾಗೇ ಉಳಿದವು. ಅದನ್ನು ಕಣ್ಣಾರೆ ಕಂಡ ಮೇಲೆ ಮಾವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಎಲ್ಲರ ಮನೆಯ ಬೀರುವಿನಲ್ಲೂ ಹಳೆಯ ಲ್ಯಾಪ್‌ಟಾಪ್ ಇರುವುದಿಲ್ಲ. ಟ್ರ್ಯಾಶ್ ಖಾಲಿ ಮಾಡದಿದ್ದರೂ ಅದು ಶಾಶ್ವತವಲ್ಲ. ಜಿಮೇಲ್‌ನಲ್ಲಿ ಮೂವತ್ತು ದಿನ ಕಳೆದರೆ ತಾನಾಗಿ ಅಳಿಯುತ್ತದೆ. ಆದ್ದರಿಂದ ಬುದ್ಧಿ ಮೊದಲೇ ಬರಬೇಕು.

ಒಂದೇ ಪತ್ರ, ಹಲವು ಹೆಸರು

ಜಿಮೇಲ್ ಬಳಸುವವರಿಗೆ ಇನ್ನೊಂದು ಗೊಂದಲವಿದೆ. ಅಲ್ಲಿ ನಿಜವಾಗಿ ಫೋಲ್ಡರ್‌ಗಳೇ ಇಲ್ಲ, ಲೇಬಲ್‌ಗಳಿವೆ. ನಮ್ಮ ಮನೆಗಳಲ್ಲಿ ಒಬ್ಬರನ್ನೇ ಒಬ್ಬರು ಅತ್ತೆ ಎನ್ನುತ್ತಾರೆ, ಇನ್ನೊಬ್ಬರು ಚಿಕ್ಕಮ್ಮ, ಮತ್ತೊಬ್ಬರು ಅಕ್ಕ ಎನ್ನುತ್ತಾರೆ. ಹೆಸರು ಮೂರಾದರೂ ವ್ಯಕ್ತಿ ಒಬ್ಬರೇ. ಲೇಬಲ್ ಎಂದರೆ ಹಾಗೆ. ವಿಮೆಯ ರಸೀದಿಯೊಂದಕ್ಕೆ ‘ವಿಮೆ’, ‘ತೆರಿಗೆ’ ಎಂಬ ಎರಡು ಲೇಬಲ್ ಹಾಕಿದರೂ ಸರ್ವರ್‌ನಲ್ಲಿರುವ ಪತ್ರ ಒಂದೇ.

ಆದರೆ ಐಮ್ಯಾಪ್‌ಗೆ ಅರ್ಥವಾಗುವುದು ಫೋಲ್ಡರ್ ಮಾತ್ರ. ಹಾಗಾಗಿ ಜಿಮೇಲ್ ಪ್ರತಿ ಲೇಬಲನ್ನೂ ಒಂದು ಫೋಲ್ಡರ್ ಎಂದು ತೋರಿಸುತ್ತದೆ. ಅದೇ ರಸೀದಿ ಥಂಡರ್‌ಬರ್ಡ್‌ನಲ್ಲಿ ‘ವಿಮೆ’ಯಲ್ಲೂ ಕಾಣುತ್ತದೆ, ‘ತೆರಿಗೆ’ಯಲ್ಲೂ ಕಾಣುತ್ತದೆ, ‘ಆಲ್ ಮೇಲ್’ ಎಂಬ ಮೂರನೆಯ ಜಾಗದಲ್ಲೂ ಕಾಣುತ್ತದೆ. ‘ಎರಡೆರಡು ಪ್ರತಿ ಯಾಕೆ, ಒಂದನ್ನು ಅಳಿಸೋಣ’ ಎಂದು ಒಂದು ಕಡೆ ಡಿಲೀಟ್ ಒತ್ತಿದರೆ ಪತ್ರ ಜಿಮೇಲ್‌ನ ಟ್ರ್ಯಾಶ್‌ಗೆ ಹೋಗುತ್ತದೆ. ಟ್ರ್ಯಾಶ್‌ಗೆ ಹೋದ ಪತ್ರ ಎಲ್ಲ ಲೇಬಲ್‌ಗಳಿಂದಲೂ ಹೋದಂತೆ. ನಿಮಗೆ ಬೇಕಿರುವುದು ಒಂದು ಲೇಬಲ್ ತೆಗೆಯುವುದಷ್ಟೇ ಆದರೆ, ಆ ಕೆಲಸವನ್ನು ಬ್ರೌಸರ್‌ನಲ್ಲಿ ಜಿಮೇಲ್ ತೆರೆದೇ ಮಾಡಿ. ಅಲ್ಲಿ ಲೇಬಲ್ ಲೇಬಲ್ಲಾಗಿಯೇ ಕಾಣುತ್ತದೆ, ತಪ್ಪಲು ಅವಕಾಶ ಕಡಿಮೆ.

ಆಲ್ ಮೇಲ್ ದೊಡ್ಡ ಕಣಜ. ಖಾತೆಯ ಪತ್ರಗಳೆಲ್ಲ ಅದರಲ್ಲಿರುವುದರಿಂದ ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಬೇಡವೆನಿಸಿದರೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲೇಬಲ್ಸ್’ ಪುಟಕ್ಕೆ ಹೋಗಿ. ಒಂದೊಂದು ಲೇಬಲ್‌ನ ಎದುರಿಗೂ ‘ಶೋ ಇನ್ ಐಮ್ಯಾಪ್’ ಎಂಬ ಗುರುತಿನ ಚೌಕವಿದೆ. ಅದನ್ನು ತೆಗೆದರೆ ಆ ಫೋಲ್ಡರ್ ಥಂಡರ್‌ಬರ್ಡ್‌ನಲ್ಲಿ ಕಾಣುವುದಿಲ್ಲ, ಪತ್ರ ಎಲ್ಲಿಗೂ ಹೋಗುವುದಿಲ್ಲ.

ಕಾಣದ ಫೋಲ್ಡರ್, ಎರಡಾದ ಫೋಲ್ಡರ್

‘ಬ್ರೌಸರ್‌ನಲ್ಲಿ ಇರುವ ಫೋಲ್ಡರ್ ಕಂಪ್ಯೂಟರ್‌ನಲ್ಲಿ ಕಾಣುತ್ತಿಲ್ಲ’ ಎಂಬ ದೂರು ನಾನು ಹೆಚ್ಚು ಕೇಳಿರುವುದು. ಹೀಗಾದಾಗ ಗಾಬರಿ ಬೇಡ. ಐಮ್ಯಾಪ್‌ನಲ್ಲಿ ‘ಸಬ್‌ಸ್ಕ್ರೈಬ್’ ಎಂಬ ವ್ಯವಸ್ಥೆಯಿದೆ. ಸರ್ವರ್‌ನಲ್ಲಿ ನೂರು ಫೋಲ್ಡರ್ ಇದ್ದರೂ ನೀವು ಚಂದಾ ಹಾಕಿದವು ಮಾತ್ರ ಪಟ್ಟಿಗೆ ಬರುತ್ತವೆ. ಥಂಡರ್‌ಬರ್ಡ್‌ನಲ್ಲಿ ಖಾತೆಯ ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸಬ್‌ಸ್ಕ್ರೈಬ್’ ಆರಿಸಿದರೆ ಸರ್ವರ್‌ನ ಪೂರ್ಣ ಪಟ್ಟಿ ತೆರೆಯುತ್ತದೆ. ಬೇಕಾದದ್ದಕ್ಕೆ ಗುರುತು ಹಾಕಿ. ಬೇಡವಾದದ್ದರ ಗುರುತು ತೆಗೆದರೆ ಅದು ಕಣ್ಣಿಂದ ಮರೆಯಾಗುತ್ತದೆ, ಅಳಿಯುವುದಿಲ್ಲ. ಪಟ್ಟಿ ಉದ್ದವಾಯಿತು ಎನ್ನುವವರು ಡಿಲೀಟ್‌ಗೆ ಕೈಹಾಕುವ ಬದಲು ಚಂದಾ ಬಿಡಬೇಕು.

ಇದಕ್ಕೆ ತದ್ವಿರುದ್ಧವಾದ ತೊಂದರೆ ಒಂದರ ಬದಲು ಎರಡು ಫೋಲ್ಡರ್ ಇರುವುದು. ಬ್ರೌಸರ್‌ನಿಂದ ಕಳಿಸಿದ್ದು ‘ಸೆಂಟ್ ಐಟಮ್ಸ್’ಗೆ ಹೋಗುತ್ತದೆ, ಕಂಪ್ಯೂಟರ್‌ನಿಂದ ಕಳಿಸಿದ್ದು ‘ಸೆಂಟ್’ಗೆ ಹೋಗುತ್ತದೆ. ನಾಲ್ಕು ತಿಂಗಳ ನಂತರ ‘ಆ ಪತ್ರಕ್ಕೆ ಉತ್ತರ ಕೊಟ್ಟಿದ್ದೆನಲ್ಲ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಾರಣ ಸರಳ. ಯಾವ ಫೋಲ್ಡರ್‌ಗೆ ಯಾವ ಹೆಸರು ಎಂಬುದಕ್ಕೆ ಬಹುಕಾಲ ಒಂದೇ ನಿಯಮವಿರಲಿಲ್ಲ. ಕಳಿಸಿದ್ದು, ಕರಡು, ಕಸ, ಸ್ಪ್ಯಾಮ್ ಎಂಬ ವಿಶೇಷ ಫೋಲ್ಡರ್‌ಗಳನ್ನು ಸರ್ವರ್ ತಾನೇ ಗುರುತಿಸಿ ಹೇಳುವ ನಿಯಮ ಬಂದದ್ದು 2011ರಲ್ಲಿ. ಅದನ್ನು ಪಾಲಿಸುವ ಸರ್ವರ್‌ಗಳಲ್ಲಿ ಈ ತೊಂದರೆ ಕಡಿಮೆ. ಸಣ್ಣ ಕಚೇರಿ, ಕಾಲೇಜುಗಳ ಹಳೆಯ ಸರ್ವರ್‌ಗಳಲ್ಲಿ ಈಗಲೂ ಕಾಣುತ್ತದೆ. ಪರಿಹಾರ ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿದೆ. ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ ಎಂಬ ಪುಟದಲ್ಲಿ ಕಳಿಸಿದ ಪತ್ರದ ಪ್ರತಿ ಎಲ್ಲಿಗೆ ಹೋಗಬೇಕು, ಕರಡು ಎಲ್ಲಿರಬೇಕು ಎಂದು ನೀವೇ ಆರಿಸಬಹುದು. ಬ್ರೌಸರ್ ಬಳಸುವ ಫೋಲ್ಡರನ್ನೇ ಇಲ್ಲೂ ತೋರಿಸಿ. ಆಮೇಲೆ ಉಳಿದ ಫೋಲ್ಡರ್‌ನ ಪತ್ರಗಳನ್ನು ಇದಕ್ಕೆ ಸೇರಿಸಿದರೆ ಮನೆ ಒಂದಾಗುತ್ತದೆ.

ವಿಂಗಡಿಸುವ ಕೆಲಸ ಯಾರಿಗೆ?

ಬ್ಯಾಂಕಿನ ಪತ್ರ ಬ್ಯಾಂಕಿನ ಫೋಲ್ಡರ್‌ಗೆ, ಅಪಾರ್ಟ್‌ಮೆಂಟ್ ಸಂಘದ್ದು ಅದರ ಫೋಲ್ಡರ್‌ಗೆ ತಾನಾಗಿ ಹೋಗುವಂತೆ ‘ಫಿಲ್ಟರ್’ ಹಾಕಬಹುದು. ಇದನ್ನು ಎರಡು ಕಡೆ ಹಾಕಲು ಸಾಧ್ಯ: ಬ್ರೌಸರ್‌ನ ವೆಬ್‌ಮೇಲ್‌ನಲ್ಲಿ ಅಥವಾ ಥಂಡರ್‌ಬರ್ಡ್‌ನಲ್ಲಿ. ಎರಡಕ್ಕೂ ಅಂತರವಿದೆ. ಥಂಡರ್‌ಬರ್ಡ್‌ನ ಫಿಲ್ಟರ್ ನಡೆಯುವುದು ಆ ಕಂಪ್ಯೂಟರ್ ಚಾಲೂ ಇದ್ದು ತಂತ್ರಾಂಶ ತೆರೆದಿರುವಾಗ ಮಾತ್ರ. ನೀವು ಊರಿಗೆ ಹೋದ ವಾರದಲ್ಲಿ ಮೊಬೈಲ್‌ನ ಇನ್‌ಬಾಕ್ಸ್‌ನಲ್ಲಿ ಎಲ್ಲವೂ ರಾಶಿ ಬಿದ್ದಿರುತ್ತವೆ. ಸರ್ವರ್‌ನಲ್ಲಿ ಹಾಕಿದ ಫಿಲ್ಟರ್ ಹಗಲೂ ರಾತ್ರಿ ದುಡಿಯುತ್ತದೆ, ಎಲ್ಲ ಯಂತ್ರಕ್ಕೂ ಒಂದೇ ಫಲ ಕೊಡುತ್ತದೆ. ಆದ್ದರಿಂದ ವಿಂಗಡಣೆಯ ಕೆಲಸವನ್ನು ವೆಬ್‌ಮೇಲ್‌ಗೇ ಒಪ್ಪಿಸುವುದು ಮೇಲು.

ಹಾಗೆ ಒಪ್ಪಿಸಿದವರು ಮರೆಯಬಾರದ ವಿಷಯ ಒಂದಿದೆ. ಹೊಸ ಪತ್ರ ಬಂದಿದೆಯೇ ಎಂದು ಥಂಡರ್‌ಬರ್ಡ್ ತಾನಾಗಿ ನೋಡುವುದು ಇನ್‌ಬಾಕ್ಸನ್ನು ಮಾತ್ರ. ಸರ್ವರ್ ಪತ್ರವನ್ನು ನೇರವಾಗಿ ‘ಬ್ಯಾಂಕ್’ ಫೋಲ್ಡರ್‌ಗೆ ಹಾಕಿದ್ದರೆ, ನೀವು ಆ ಫೋಲ್ಡರನ್ನು ಒತ್ತುವವರೆಗೂ ಹೊಸದು ಬಂದದ್ದು ಗೊತ್ತಾಗದೇ ಇರಬಹುದು. ಆ ಫೋಲ್ಡರ್‌ನ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ಗೆ ಹೋಗಿ, ಹೊಸ ಪತ್ರ ತರುವಾಗ ಇದನ್ನೂ ಸದಾ ನೋಡು ಎಂಬ ಆಯ್ಕೆಗೆ ಗುರುತು ಹಾಕಿ. ಕಂತಿನ ನೆನಪೋಲೆ, ಕೋರ್ಟಿನ ದಿನಾಂಕದಂಥವು ಬರುವ ಫೋಲ್ಡರ್‌ಗಳಿಗೆ ಇದು ಕಡ್ಡಾಯ ಎಂದೇ ತಿಳಿಯಿರಿ.

ಫೋಲ್ಡರ್‌ಗೆ ಕನ್ನಡದ ಹೆಸರು ಇಡಬಹುದೇ ಎಂದು ಹಲವರು ಕೇಳುತ್ತಾರೆ. ಧಾರಾಳವಾಗಿ ಇಡಿ. ಒಳಗೆ ನಡೆಯುವುದು ತಿಳಿದಿರಲಿ ಅಷ್ಟೇ. 2003ರ ಐಮ್ಯಾಪ್ ನಿಯಮದಂತೆ ಫೋಲ್ಡರ್‌ನ ಹೆಸರು ಸರ್ವರ್‌ಗೆ ಹೋಗುವಾಗ ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಂಕೇತವಾಗಿ ಬದಲಾಗುತ್ತದೆ. ‘ಮನೆ’ ಎಂಬ ಎರಡಕ್ಷರದ ಹೆಸರು ಆ ಸಂಕೇತದಲ್ಲಿ ಮೊದಲ ಮತ್ತು ಕೊನೆಯ ಚಿಹ್ನೆ ಸೇರಿ ಹತ್ತು ಅಕ್ಷರವಾಗುತ್ತದೆ. ಥಂಡರ್‌ಬರ್ಡ್ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಎಲ್ಲಾದರೂ ಹಳೆಯ ತಂತ್ರಾಂಶವೊಂದರಲ್ಲಿ ನಿಮ್ಮ ಫೋಲ್ಡರ್ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಅದು ಹಾಳಾಗಿದೆ ಎಂದು ಅಳಿಸಬೇಡಿ. ಅದು ನಿಮ್ಮ ಕನ್ನಡದ ಫೋಲ್ಡರೇ. 2021ರಲ್ಲಿ ಬಂದ ಐಮ್ಯಾಪ್‌ನ ಪರಿಷ್ಕೃತ ನಿಯಮ ಕನ್ನಡದಂಥ ಲಿಪಿಗಳನ್ನು ನೇರವಾಗಿಯೇ ಒಪ್ಪುತ್ತದೆ. ಅದು ಎಲ್ಲ ಸರ್ವರ್‌ಗಳಿಗೂ ತಲುಪಲಿ ಎಂಬುದು ನನ್ನ ಆಸೆ. ಹೆಸರಿನಲ್ಲಿ ಓರೆಗೆರೆ ಮತ್ತು ಚುಕ್ಕಿಯನ್ನು ಮಾತ್ರ ಬಳಸಬೇಡಿ. ಕೆಲವು ಸರ್ವರ್‌ಗಳಿಗೆ ಓರೆಗೆರೆ, ಇನ್ನು ಕೆಲವಕ್ಕೆ ಚುಕ್ಕಿ ಎಂದರೆ ‘ಒಳಫೋಲ್ಡರ್’ ಎಂದರ್ಥ. ‘ಎಸ್.ಬಿ. ಖಾತೆ’ ಎಂದು ಇಟ್ಟ ಹೆಸರು ಮೂರು ತುಂಡಾಗಿ ಒಂದರೊಳಗೊಂದು ಸೇರಿಕೊಳ್ಳಬಹುದು.

ಜಾಗ ಬೇಕಾದರೆ ಏನು ಮಾಡಬೇಕು?

ಮಾವನಿಗೆ ಬೇಕಿದ್ದದ್ದು ಡಿಸ್ಕ್‌ನಲ್ಲಿ ಜಾಗ. ಅದಕ್ಕೆ ಪತ್ರ ಅಳಿಸಬೇಕಾಗಿಯೇ ಇರಲಿಲ್ಲ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ರೊನೈಸೇಶನ್ ಆ್ಯಂಡ್ ಸ್ಟೋರೇಜ್’ ಎಂಬ ಪುಟವಿದೆ. ಪತ್ರಗಳ ಪ್ರತಿಯನ್ನು ಈ ಕಂಪ್ಯೂಟರ್‌ನಲ್ಲಿ ಇಡಬೇಡ ಎಂದೋ, ಇತ್ತೀಚಿನ ಇಷ್ಟು ದಿನದ್ದು ಮಾತ್ರ ಇಡು ಎಂದೋ ಅಲ್ಲಿ ಹೇಳಬಹುದು. ಹಳೆಯ ಪತ್ರ ಸರ್ವರ್‌ನಲ್ಲೇ ಇದ್ದು, ಒತ್ತಿದಾಗ ಬರುತ್ತದೆ. ಆದರೆ ಅದೇ ಪುಟದ ಕೆಳಗೆ ಇಷ್ಟು ದಿನಕ್ಕಿಂತ ಹಳೆಯ ಪತ್ರಗಳನ್ನು ಅಳಿಸು ಎಂಬ ಇನ್ನೊಂದು ಆಯ್ಕೆಯಿದೆ. ಅದು ಸರ್ವರ್‌ನಲ್ಲಿರುವ ಮೂಲವನ್ನೂ ಅಳಿಸುತ್ತದೆ. ಯಾವುದನ್ನೂ ಅಳಿಸಬೇಡ ಎಂಬ ಮೊದಲ ಆಯ್ಕೆಯಲ್ಲೇ ಅದನ್ನು ಬಿಡಿ.

ಅಳಿಸಿದ ಮೇಲೂ ಜಾಗ ಖಾಲಿಯಾಗದಿದ್ದರೆ ಅದಕ್ಕೂ ಕಾರಣವಿದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಪತ್ರಗಳನ್ನೆಲ್ಲ ಒಂದೇ ಉದ್ದ ಕಡತದಲ್ಲಿ ಒಂದರ ಕೆಳಗೊಂದು ಬರೆದಿಡುತ್ತದೆ. ಪತ್ರ ಅಳಿಸಿದಾಗ ಅದಕ್ಕೆ ‘ಅಳಿಸಿದ್ದು’ ಎಂಬ ಗುರುತು ಬೀಳುತ್ತದೆ, ಅಕ್ಷರಗಳು ಅಲ್ಲೇ ಇರುತ್ತವೆ. ‘ಕಂಪ್ಯಾಕ್ಟ್’ ಕೊಟ್ಟಾಗ ಮಾತ್ರ ಅವು ತೆಗೆದುಹೋಗಿ ಕಡತ ಚಿಕ್ಕದಾಗುತ್ತದೆ.

ಸರ್ವರ್‌ನಲ್ಲೇ ಜಾಗ ಮುಗಿಯುತ್ತಾ ಬಂದವರ ಕಥೆ ಬೇರೆ. ಜಿಮೇಲ್‌ನ ಉಚಿತ ಖಾತೆಯ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೊ ಮೂರೂ ಪಾಲುದಾರರು. ಅಂಥವರು ಹಳೆಯ ಪತ್ರಗಳನ್ನು ಮೊದಲು ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಬೇಕು. ಅಲ್ಲಲ್ಲಿ ಹತ್ತಿಪ್ಪತ್ತು ಪತ್ರ ತೆರೆದು, ಲಗತ್ತುಗಳೂ ಬಂದಿವೆ ಎಂದು ಖಚಿತಪಡಿಸಿಕೊಳ್ಳಬೇಕು. ನಂತರ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೂ ಹಾಕಿಕೊಳ್ಳಬೇಕು. ಇಷ್ಟಾದ ಮೇಲೆ ಸರ್ವರ್‌ನಿಂದ ಅಳಿಸಬಹುದು. ಈ ಸರದಿ ತಪ್ಪಬಾರದು. ಯಾಕೆಂದರೆ ಸರ್ವರ್‌ನಿಂದ ಅಳಿಸಿದ ದಿನದಿಂದ ನಿಮ್ಮ ಕೈಯಲ್ಲಿರುವುದೇ ಮೂಲ. ಆ ಕಂಪ್ಯೂಟರ್ ಕೆಟ್ಟರೆ ಪತ್ರವೂ ಹೋಯಿತು. ಪ್ರೊಫೈಲ್ ಎಲ್ಲಿದೆ ಎಂದು ಹುಡುಕಲು ಕಷ್ಟಪಡಬೇಕಿಲ್ಲ. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್’ ಪುಟದಲ್ಲಿ ಅದನ್ನು ತೆರೆಯುವ ಗುಂಡಿಯಿದೆ. ನಕಲು ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಲಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾಗಿದ್ದರೆ 4 ಜಿಬಿ ತಲುಪಿದ ಒಂದೇ ಕಡತವನ್ನು ಅದು ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೊಂದು ಫೋಲ್ಡರ್ ಮಾಡಿದವರಿಗೆ ಈ ತಾಪತ್ರಯ ಬರುವುದು ಅಪರೂಪ.

ಕಚೇರಿಗಳಲ್ಲಿ ಔಟ್‌ಲುಕ್ ಬಳಸುವವರಿಗೂ ತತ್ವ ಇದೇ. ಅಲ್ಲಿ ಓಎಸ್‌ಟಿ ಎಂಬ ಕಡತ ಸರ್ವರ್‌ನ ಪ್ರತಿಬಿಂಬ, ಪಿಎಸ್‌ಟಿ ಎಂಬುದು ನಿಮ್ಮ ಸ್ವಂತ ಪೆಟ್ಟಿಗೆ. ಯಾವುದರಲ್ಲಿ ಇಟ್ಟಿದ್ದೀರಿ ಎಂಬುದನ್ನು ತಿಳಿದಿರಬೇಕು.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಎಲ್ಲವೂ ಆನ್‌ಲೈನ್‌ನಲ್ಲಿ ಇರುವಾಗ ಬ್ರೌಸರ್ ಸಾಲದೇ? ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ತೆಗೆದುಹಾಕಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರ್‌ನಿಂದ ನಿಯಮ ಜಾರಿಗೆ ತಂದಿತು. ತೀರಿಕೊಂಡ ಅಪ್ಪನ, ಅಜ್ಜಿಯ ಖಾತೆಗಳನ್ನು ಯಾರು ಮುಟ್ಟುತ್ತಾರೆ? ಪಾಸ್‌ವರ್ಡ್ ಮರೆತರೆ, ಖಾತೆ ಬೇರೆಯವರ ಕೈಗೆ ಸಿಕ್ಕರೆ, ಕೆಲಸ ಬಿಟ್ಟ ದಿನ ಕಚೇರಿಯ ಖಾತೆ ಮುಚ್ಚಿದರೆ, ಅಲ್ಲಿದ್ದ ನಮ್ಮ ಬದುಕಿನ ಕಾಗದವೂ ಅದರೊಂದಿಗೆ ಮುಚ್ಚಿಹೋಗುತ್ತದೆ. ಕನ್ನಡಿಯೊಳಗಿನ ಗಂಟು ಎಷ್ಟು ದೊಡ್ಡದಿದ್ದರೂ ಕೈಗೆ ಸಿಗುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಮಾವ ಈಗ ಪ್ರತಿ ಜನವರಿಯಲ್ಲಿ ತಂತಿಯ ಕಾಗದಗಳನ್ನು ಇಳಿಸಿ ಕಟ್ಟುವ ದಿನವೇ ಮೇಲ್‌ನ ಕೆಲಸವನ್ನೂ ಮುಗಿಸುತ್ತಾರೆ. ಹಿಂದಿನ ವರ್ಷದ ಪತ್ರಗಳು ಲೋಕಲ್ ಫೋಲ್ಡರ್ಸ್‌ಗೆ, ಅಲ್ಲಿಂದ ಹೊರಗಿನ ಡಿಸ್ಕ್‌ಗೆ. ಒಂದು ಗಂಟೆಯ ಕೆಲಸ. ಆ ಹಳೆಯ ಲ್ಯಾಪ್‌ಟಾಪ್ ನಿಂತ ದಿನದಿಂದ ಅವರು ಅಳಿಸಿದ ದಿನದವರೆಗಿನ ಏಳು ತಿಂಗಳಲ್ಲಿ ಆ ಫೋಲ್ಡರ್‌ಗಳಿಗೆ ಸೇರಿಸಿದ್ದ ಪತ್ರಗಳು ಮಾತ್ರ ಕೊನೆಗೂ ಸಿಗಲಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಮುಖ್ಯ ಪತ್ರಗಳನ್ನು ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕ ಕುಳಿತು ಅವರದ್ದನ್ನೂ ಮಾಡಿಕೊಡಿ. ಇನ್ನು ಮುಂದೆ ಯಾವುದೇ ಪತ್ರ ಅಳಿಸುವ ಮುನ್ನ ಎಡಗಡೆಯ ಪಟ್ಟಿಯನ್ನು ಒಮ್ಮೆ ನೋಡಿ. ಆ ಫೋಲ್ಡರ್ ನಿಮ್ಮ ಐಮ್ಯಾಪ್ ಖಾತೆಯ ವಿಳಾಸದ ಕೆಳಗಿದ್ದರೆ ಅಳಿಯುವುದು ಎಲ್ಲ ಕಡೆಯಿಂದ. ಲೋಕಲ್ ಫೋಲ್ಡರ್ಸ್ ಕೆಳಗಿದ್ದರೆ ಅಳಿಯುವುದು ಇಲ್ಲಿಂದ ಮಾತ್ರ.